ಸಿಗರೇಟು ಬಿಟ್ಟ ದನದ ಡಾಕ್ಟರು

ಸಿಗರೇಟು ಬಿಟ್ಟವನ ಬಾಳು ಸಪ್ಪಗಿರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸೇದುತ್ತಿದ್ದ ಕಾಲದಲ್ಲಿ ನನ್ನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಸೇದಿದೆ, ಕೆಮ್ಮಿದೆ, ಮಲಗಿದೆ, ಅಷ್ಟೇ. ಬಿಟ್ಟ ಮೇಲೆ ನೋಡಿ, ಹೋದಲ್ಲೆಲ್ಲ ಒಂದಿಲ್ಲೊಂದು ಫಜೀತಿ. ನಾನು ದನದ ಡಾಕ್ಟರು. ಸರಕಾರ ನನ್ನನ್ನು ಇಂಡಿಯಿಂದ ಸಿಂದಗಿಗೆ, ಅಲ್ಲಿಂದ ಮುದ್ದೇಬಿಹಾಳಕ್ಕೆ, ಆಮೇಲೆ ಬಸವನ ಬಾಗೇವಾಡಿಗೆ ವರ್ಗ ಮಾಡಿತು. ಚಟ ಬಿಟ್ಟ ಮನುಷ್ಯನಿಗೆ ವರ್ಗಾವಣೆಯಂಥ ಪರೀಕ್ಷೆ ಇನ್ನೊಂದಿಲ್ಲ. ಪ್ರತಿ ಊರಲ್ಲೂ ಹೊಸ ಚಹಾದಂಗಡಿ, ಹೊಸ ಗೆಳೆಯರು, "ಒಂದ ಎಳೀರಿ ಸಾಹೇಬ್ರ, ಏನಾಗಂಗಿಲ್ಲ" ಎನ್ನುವ ಹೊಸ ಬಾಯಿಗಳು.

೧. ಗೊಟ್ಟ ಒಂದೇ ಇತ್ತು

ನಾನು ಸಿಗರೇಟು ಬಿಟ್ಟದ್ದು ಒಂದು ಎಮ್ಮೆಯಿಂದ. ಇಂಡಿಯಲ್ಲಿದ್ದಾಗ ಹೊರ್ತಿಯ ರೈತನೊಬ್ಬ ಫೋನು ಮಾಡಿ, ತನ್ನ ಎಮ್ಮೆ ಕೆಮ್ಮುತ್ತಿದೆ, ಬೇಗ ಬರಬೇಕು ಎಂದ. ದಾರಿಯಲ್ಲಿ ಒಂದು ಸಿಗರೇಟು ಮುಗಿಸಿ, ಹೊಲದ ಬದುವಿನ ಮೇಲೆ ನಡೆದು, ಏದುಸಿರು ಬಿಡುತ್ತ ಅವನ ಕೊಟ್ಟಿಗೆ ಮುಟ್ಟಿದೆ. ಎಮ್ಮೆ ಶಾಂತವಾಗಿ ಮೆಲುಕು ಹಾಕುತ್ತ ನಿಂತಿತ್ತು.

ಸ್ಟೆತಾಸ್ಕೋಪು ಹಚ್ಚಿ ಕೇಳಿದೆ. ಒಳಗೆಲ್ಲೋ ಸುಂಯ್ ಸುಂಯ್ ಎಂಬ ಸಪ್ಪಳ. ಮುಖ ಗಂಟು ಹಾಕಿಕೊಂಡು, "ಎದಿಯೊಳಗ ಕಫಾ ಭಾಳ ಕಟ್ಟೇತಿ. ಇಷ್ಟು ದಿನಾ ಯಾಕ ಸುಮ್ಮನಿದ್ದಿ? ಇಂಥಾ ಸಪ್ಪಳ ಬಂದ ಮ್ಯಾಲೆ ತಡಾ ಮಾಡಿದ್ರ ಜೀವಕ್ಕ ಅಪಾಯ" ಎಂದು ಅವನಿಗೆ ಬೈದೆ.

ರೈತ ಎಮ್ಮೆಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಮೆಲ್ಲಗೆ, "ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಆ ಕಿವ್ಯಾಗಿಂದು ತಗದು ಒಮ್ಮೆ ಕೇಳ್ರಿ" ಎಂದ.

ತೆಗೆದೆ. ಸಪ್ಪಳ ನಿಲ್ಲಲಿಲ್ಲ. ಎಮ್ಮೆಯಿಂದ ನಾಲ್ಕು ಹೆಜ್ಜೆ ದೂರ ಸರಿದೆ. ಸಪ್ಪಳವೂ ನನ್ನ ಜೊತೆಗೇ ಬಂತು.

"ಎಮ್ಮಿಗೆ ಬರೇ ಕೆಮ್ಮ ಐತ್ರಿ," ಎಂದ ಅವನು. "ಆ ಸುಂಯ್ ಅನ್ನೂದು ನೀವು ಬಂದ ಮ್ಯಾಲೆ ಶುರು ಆಗೇತಿ."

ನನಗೆ ನಿಜಕ್ಕೂ ಹೆದರಿಕೆಯಾಯಿತು. ಎಮ್ಮೆಯ ಎದೆಯ ಬಗ್ಗೆ ಎರಡು ನಿಮಿಷದ ಹಿಂದೆ ಆಡಿದ ಮಾತುಗಳೆಲ್ಲ ನನ್ನ ಎದೆಗೇ ಬಂದು ನಾಟಿದ್ದವು. ಜೇಬಿನಲ್ಲಿದ್ದ ಸಿಗರೇಟು ಪಾಕೀಟು ತೆಗೆದು ಅಲ್ಲೇ ತಿಪ್ಪೆಗೆ ಎಸೆದೆ. ಏನೂ ಆಗದವನ ಹಾಗೆ ಎಮ್ಮೆಯ ಕೆಮ್ಮಿಗೆ ಔಷಧ ಕಲಸಿಕೊಟ್ಟೆ. ದನಕ್ಕೆ ಔಷಧ ಕುಡಿಸುವ ಬಿದಿರಿನ ಗೊಟ್ಟವನ್ನು ರೈತ ತೊಳೆದುಕೊಂಡು ಬಂದು, ಬಹಳ ಮರ್ಯಾದೆಯಿಂದ ಕೇಳಿದ:

"ಗೊಟ್ಟಾ ಒಂದ ಐತ್ರಿ ಸಾಹೇಬ್ರ. ಮೊದಲ ಯಾರಿಗೆ ಹಾಕೂಣು?"

೨. ನಾಲಿಗೆ ಎಚ್ಚರಾಯಿತು

ನನ್ನ ಹೆಂಡತಿ ಮಹಾರಾಷ್ಟ್ರದ ಗಡಿಗೆ ಹತ್ತಿದ ಚಡಚಣದವಳು. ಸಿಗರೇಟಿನ ವಿಷಯಕ್ಕೆ ಮದುವೆಯಾದ ದಿನದಿಂದ ಅವಳಿಗೂ ನನಗೂ ಜಗಳ. ಕನ್ನಡದಲ್ಲಿ ಶುರುವಾದದ್ದು ಸಿಟ್ಟು ನೆತ್ತಿಗೇರಿದಾಗ ಮರಾಠಿಗೆ ಹೊರಳುತ್ತಿತ್ತು. ನಾನು ಬಿಟ್ಟೆ ಎಂದು ಹೇಳಿದಾಗ ಮೊದಲು ನಂಬಲಿಲ್ಲ. ಅಂಗಿ ಮೂಸಿ ನೋಡಿದಳು, ಬೈಕಿನ ಡಬ್ಬಿ ತೆಗೆಸಿ ನೋಡಿದಳು. ನಂಬಿಕೆ ಬಂದ ಮೇಲೆ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು. ಮನೆಯಲ್ಲಿ ಹಬ್ಬದ ಕಳೆ.

ನನ್ನ ಒದ್ದಾಟ ನನಗೇ ಗೊತ್ತು. ಊಟವಾದ ಕೂಡಲೇ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಬಾಯಿಗೆ ಬಡೇಸೋಪು ಹಾಕಿಕೊಂಡೆ, ಲವಂಗ ಕಡಿದೆ, ಹುರಿದ ಶೇಂಗಾ ತಿಂದು ತಿಂದು ಹೊಟ್ಟೆ ಬೆಳೆಸಿದೆ. ಆದರೂ ಗಟ್ಟಿಯಾಗಿ ನಿಂತೆ. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ, ಹೊಗೆಯಲ್ಲಿ ಸತ್ತುಹೋಗಿದ್ದ ನನ್ನ ನಾಲಿಗೆ ಒಮ್ಮೆಲೇ ಎದ್ದು ಕೂತಿತು. ರೊಟ್ಟಿಯಲ್ಲಿ ಜೋಳದ ಸಿಹಿ ತಿಳಿಯಿತು. ಬದನೆಕಾಯಿಗೆ ಒಂದು ರುಚಿ ಇದೆ ಎಂಬುದು ಗೊತ್ತಾಯಿತು. ಖುಷಿಯಲ್ಲಿ ಕಡಲೆಹಿಟ್ಟಿನ ಝುಣಕ ಬಾಯಿಗಿಟ್ಟು ಮೈಮರೆತು ಅಂದುಬಿಟ್ಟೆ:

"ಉಪ್ಪು ಸ್ವಲ್ಪ ಜಾಸ್ತಿ ಆಗೇದ ನೋಡು."

ಹೆಂಡತಿಯ ಕೈಯಲ್ಲಿದ್ದ ಸೌಟು ನಿಂತಿತು. "ಇವತ್ತಷ್ಟ ಆಗೇದೋ, ದಿನಾ ಆಗ್ತದೋ?"

ಅಲ್ಲಿಗೇ ನಿಲ್ಲಿಸಬೇಕಿತ್ತು. ಹೊಸ ನಾಲಿಗೆಯ ಹುರುಪು ನೋಡಿ, ನಿಲ್ಲಲಿಲ್ಲ. "ನಿನ್ನೆನೂ ಆಗಿತ್ತು. ಸಾರಿಗೂ ಹುಳಿ ಭಾಳ ಬೀಳ್ತದ. ಚಟ್ನಿ ಒಂದು ಛಲೋ ಇರ್ತದ."

"ಚಟ್ನಿ ಬಾಜೂ ಮನಿಯವರು ಕೊಟ್ಟದ್ದು," ಎಂದಳು ಅವಳು. "ಮತ್ತ ಲಗ್ನ ಆದಾಗಿಂದ ಎಲ್ಲಾ ಛಲೋ ಆಗೇದ, ಛಲೋ ಆಗೇದ ಅಂತಿದ್ದಿರಲ್ಲ?"

"ಆವಾಗ ನನಗ ರುಚಿನ ತಿಳೀತಿದ್ದಿಲ್ಲ."

ಅವಳು ತಾಟು ಎತ್ತಿಕೊಂಡು ಒಳಗೆ ಹೋದಳು. ನಾನು ಬೈಕು ಚಾಲೂ ಮಾಡಿ ಹೊರಟಾಗ ಬಾಗಿಲಿಗೆ ಬಂದು, ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಅಹೋ, ಸಂಜೀಕ ಬರೂ ಮುಂದ ಒಂದ ಪಾಕೀಟು ಸಿಗರೇಟು ತೊಗೊಂಡs ಬರ್ರಿ!"

೩. ಅವರು ಬೇಡ ಅಂದರು

ಸಿಂದಗಿಗೆ ವರ್ಗವಾದಾಗ ದವಾಖಾನೆಯ ಎದುರಿಗೇ ಒಂದು ಪಾನ್ ಅಂಗಡಿ. ಇದೊಳ್ಳೆ ಗಂಡಾಂತರ ಎಂದುಕೊಂಡೆ. ಮೊದಲನೇ ದಿನವೇ ಹೋಗಿ ಅಂಗಡಿಯವನಿಗೆ ಹೇಳಿದೆ: "ನಾನು ಹೊಸದಾಗಿ ಬಂದ ದನದ ಡಾಕ್ಟರು. ಸಿಗರೇಟು ಬಿಟ್ಟೇನಿ. ನಾಳೆ ನಾನs ಬಂದು ಕೇಳಿದ್ರೂ ಕೊಡಬ್ಯಾಡ್ರಿ. ಕೈಮುಗದು ಕೇಳಿದ್ರೂ ಕೊಡಬ್ಯಾಡ್ರಿ." ನನ್ನ ಫೋನ್ ನಂಬರನ್ನೂ ಬರೆಸಿದೆ, ಅಂಗಡಿಯ ಪಕ್ಕ ಕಟ್ಟಿದ್ದ ಅವನ ಆಡಿಗೆ ಏನಾದರೂ ಆದರೆ ಇರಲಿ ಎಂದು. ಅವನು ಎದೆಯ ಮೇಲೆ ಕೈ ಇಟ್ಟು, "ಆತ್ರಿ ಡಾಕ್ಟರ್ರ. ಮಾತಂದ್ರ ಮಾತು" ಎಂದ.

ಕೆಲ ದಿನ ಚೆನ್ನಾಗಿ ಕಳೆಯಿತು. ಒಂದು ಮಧ್ಯಾಹ್ನ ಮೀಟಿಂಗಿನಲ್ಲಿ ಮೇಲಿನ ಸಾಹೇಬರು ಎಲ್ಲರೆದುರು ನನ್ನನ್ನು ಚೆನ್ನಾಗಿ ಝಾಡಿಸಿದರು. ತಪ್ಪು ನನ್ನದಲ್ಲ. ತಲೆ ಧಿಮ್ಮೆನ್ನುತ್ತಿತ್ತು. ಒಂದೇ ಒಂದು ಸೇದಿದರೆ ಪ್ರಪಂಚವೇ ಸರಿಯಾಗುತ್ತದೆ ಎನಿಸಿ ನೇರ ಅಂಗಡಿಗೆ ಹೋದೆ.

"ಒಂದ ಸಿಗರೇಟ್ ಕೊಡ್ರಿ."

"ಯಾರಿಗ್ರಿ?"

"ನನಗ."

"ನೀವ್ಯಾರ್ರಿ?"

"ಅರೆ, ದನದ ಡಾಕ್ಟರ್ರೀ ನಾನು. ಗುರುತು ಸಿಗಲಿಲ್ಲೇನು?"

ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಸುಳ್ಳ ಹೇಳಬ್ಯಾಡ್ರಿ. ನಮ್ಮ ದನದ ಡಾಕ್ಟರ್ರು ಸಿಗರೇಟ್ ಸೇದಂಗಿಲ್ಲ. ಅವರs ಬಂದು ನನಗ ಹೇಳಿ ಹೋಗ್ಯಾರ."

ಎಲೆ ಅಡಿಕೆ ಹಾಕಿಕೊಳ್ಳಲು ಬಂದಿದ್ದ ನಾಲ್ಕು ಮಂದಿ ತಮಾಷೆ ನೋಡಲು ನಿಂತರು. ನನಗೆ ರೇಗಿತು. "ಅವನs ನಾನು! ಹೇಳಿದವನೂ ನಾನು, ಕೇಳಾವನೂ ನಾನು. ಕೊಡ್ರಿ!"

"ತಡೀರಿ, ಅವರನ್ನ ಒಂದ ಮಾತ ಕೇಳ್ತೇನಿ," ಎಂದು ಅವನು ಫೋನು ತೆಗೆದು ನಂಬರು ಒತ್ತಿದ. ನನ್ನ ಜೇಬು ಗುಂಯ್‌ಗುಟ್ಟಿತು. ಯಾಕೆ ತೆಗೆದೆನೋ ಗೊತ್ತಿಲ್ಲ, ಅಭ್ಯಾಸಬಲ, ತೆಗೆದು ಕಿವಿಗಿಟ್ಟುಕೊಂಡು "ಹಲೋ" ಅಂದೆ.

ಅವನು ನನ್ನ ಮುಖ ನೋಡುತ್ತಲೇ ಫೋನಿನಲ್ಲಿ ಹೇಳಿದ: "ಡಾಕ್ಟರ್ರ, ನಮಸ್ಕಾರ್ರೀ. ಇಲ್ಲೊಬ್ರು ಬಂದು ನಾನs ಡಾಕ್ಟರು ಅಂತ ಸಿಗರೇಟ್ ಕೇಳಾಕತ್ತಾರ. ಮಾರಿ ನೋಡಿದ್ರ ಪಾಪ ಅನಸ್ತೈತಿ. ಕೊಡ್ಲೇನ್ರಿ?"

ನಾಲ್ಕು ಮಂದಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಸಿಟ್ಟು ಎಲ್ಲಿ ಹೋಯಿತೋ, ಒಳಗಿಂದ ನಗು ಉಕ್ಕಿ ಬಂತು. ತಡೆದುಕೊಂಡು ಫೋನಿನಲ್ಲಿ ಗಂಭೀರವಾಗಿ, "ಕೊಡಬ್ಯಾಡ್ರಿ" ಎಂದೆ.

ಅವನು ಫೋನು ಕೆಳಗಿಟ್ಟು ನನ್ನತ್ತ ತಿರುಗಿದ. "ಕೇಳಿದ್ರಿಲ್ಲೋ? ಬ್ಯಾಡ ಅಂದ್ರು."

೪. ಎಳೆದು ಎಳೆದು ಸಾಕಾದವರು

ಮುದ್ದೇಬಿಹಾಳದ ಕಡೆ ಒಂದು ಹಳ್ಳಿ. ಆಕಳ ಹೆರಿಗೆ ಕಷ್ಟವಾಗಿತ್ತು. ಕರು ಅಡ್ಡ ತಿರುಗಿ ಸಿಕ್ಕಿಹಾಕಿಕೊಂಡಿತ್ತು. ಮನೆಯ ಯಜಮಾನ ದೇವರ ಕೋಣೆಯ ಮುಂದೆ ಹೋಗಿ ಕೂತುಬಿಟ್ಟಿದ್ದ, ಹೆಂಗಸರು ಆಕಳ ಕೊರಳು ತಬ್ಬಿ ನಿಂತಿದ್ದರು. ನಾನು ಭುಜದವರೆಗೆ ಕೈ ಒಳಗೆ ಹಾಕಿ, ತಿರುಗಿಸಿ, ಎಳೆದು, ಬೆವೆತು, ಮತ್ತೆ ಎಳೆದು, ಕೊನೆಗೆ ಕರು ನನ್ನ ಮೈಮೇಲೇ ಬಂದು ಬಿತ್ತು. ಒಂದು ಕ್ಷಣ ಅಲುಗಲಿಲ್ಲ. ಆಮೇಲೆ ಸೀನಿ, ಕಿವಿ ಕೊಡವಿತು. ಯಜಮಾನ ಓಡಿ ಬಂದು, ಏನು ಮಾಡಬೇಕೆಂದು ತಿಳಿಯದೆ, ತನಗೆ ಗೊತ್ತಿದ್ದ ದೊಡ್ಡ ಮರ್ಯಾದೆಯನ್ನೇ ಮಾಡಿದ. ಒಂದು ಬೀಡಿ ಹೊತ್ತಿಸಿ, ನಾನು ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅದರಲ್ಲೇ ಇಟ್ಟುಬಿಟ್ಟ.

ನನ್ನ ಎರಡೂ ಕೈ ಯಾವ ಸ್ಥಿತಿಯಲ್ಲಿದ್ದವು ಎಂದು ವರ್ಣಿಸುವುದಿಲ್ಲ. ಬಾಯಿಯ ಹತ್ತಿರ ಒಯ್ಯುವ ಹಾಗಿರಲಿಲ್ಲ. ಉಗುಳೋಣವೆಂದರೆ ಕಾಲ ಬುಡದಲ್ಲಿ ಒಣ ಜೋಳದ ದಂಟಿನ ಕಣಿಕೆ, ಅದರ ಮೇಲೆ ಈಗಷ್ಟೇ ಹುಟ್ಟಿದ ಕರು. ಬೀಡಿ ತುಟಿಯಲ್ಲಿ, ಹೊಗೆ ಮೂಗಿನ ಕೆಳಗೆ, ಮೈಯೆಲ್ಲ ದಣಿವು. ಉಸಿರು ಒಳಗೆ ಎಳೆದೆನೋ, ಇಷ್ಟು ದಿನದ ತಪಸ್ಸು ಮುಗಿಯಿತು. ಅದಕ್ಕೇ ಹೊರಗೆ ಊದಿದೆ. ಗಲ್ಲ ಉಬ್ಬಿಸಿ ಉಫ್ ಉಫ್ ಎಂದು ಊದುತ್ತಲೇ ಇದ್ದೆ. ಬೀಡಿಯ ತುದಿಯಿಂದ ಬೂದಿ ಹಾರಿತು, ಕಣ್ಣಲ್ಲಿ ನೀರು ಬಂತು, ಆಕಳೂ ಹೊರಳಿ ನನ್ನನ್ನೇ ನೋಡಿತು.

ಯಜಮಾನನ ಅವ್ವ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಮರುಕದಿಂದ ಮಗನಿಗೆ ಹೇಳಿದಳು:

"ತಗೀಯೋ ಅದನ್ನ ಬಾಯಾಗಿಂದು. ಕರಾ ಎಳದು ಎಳದು ಪಾಪ ಬೀಡಿ ಎಳ್ಯಾಕ ದಮ್ಮs ಉಳದಿಲ್ಲ ಅವಗ."

೫. ಮಾದರಿ ಭಾಷಣ

ಬಾಗೇವಾಡಿಗೆ ನಾನು ಸಿಗರೇಟು ಬಿಟ್ಟ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಹೂವಿನ ಹಿಪ್ಪರಗಿಯ ಕಡೆಯ ಒಂದು ಸಾಲೆಯ ಹೆಡ್ ಮಾಸ್ತರರು, "ತಂಬಾಕಿನ ಕೆಡಕಿನ ಬಗ್ಗೆ ನಮ್ಮ ಮಕ್ಕಳಿಗೆ ಎರಡು ಮಾತು ಹೇಳಬೇಕ್ರಿ. ಬಿಟ್ಟವರು ಹೇಳಿದ್ರ ತೂಕ ಇರ್ತೈತಿ" ಎಂದು ಕರೆದರು. ಹೋದೆ. ಮಕ್ಕಳು ಸಾಲಾಗಿ ಕೂತಿದ್ದರು, ಮಾಸ್ತರರು ಹಿಂದೆ ಕುರ್ಚಿಗಳಲ್ಲಿ. ಎದೆ, ಕಫ, ಕೆಮ್ಮು ಎಲ್ಲ ಹೇಳಿದೆ. ಚಪ್ಪಾಳೆ ಬಿತ್ತು. ಇನ್ನೇನು ಮುಗಿಯಿತು ಎನ್ನುವಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು:

"ಸರ್, ಅದು ಅಷ್ಟ ಕೆಟ್ಟದ್ದಿದ್ರ ನೀವು ಅಷ್ಟ ವರ್ಷ ಯಾಕ ಸೇದಿದ್ರಿ?"

ಒಳ್ಳೆಯ ಪ್ರಶ್ನೆ. ಮಕ್ಕಳಿಗೆ ನಿಜ ಹೇಳಬೇಕು ಎಂದುಕೊಂಡೆ. "ಅದರ ಮೋಸಾ ಇರೂದs ಅಲ್ಲೆ, ತಂಗಿ," ಎಂದು ಶುರು ಮಾಡಿದೆ. "ಮುಂಜಾನೆ ಥಂಡಿ ಇರ್ತೈತಿ. ಕೈಯಾಗ ಬಿಸಿ ಚಹಾ. ಒಂದ ಗುಟುಕು ಕುಡದು, ಕಡ್ಡಿ ಗೀರಿ, ಮೊದಲನೇದ್ದು ಎಳೀತೀವಿ ನೋಡು, ಆ ಹೊಗಿ ಮೆಲ್ಲಕ ಒಳಗ ಇಳದು..." ಹೇಳುತ್ತ ಹೇಳುತ್ತ ನನ್ನ ಕಣ್ಣು ಮುಚ್ಚಿತು. ದನಿ ಮೆತ್ತಗಾಯಿತು. ಊಟದ ಮೇಲಿನದು, ಬೈಕು ನಿಲ್ಲಿಸಿ ಬೇವಿನ ನೆರಳಲ್ಲಿ ಸೇದಿದ್ದು, ಒಂದೊಂದನ್ನೂ ಬಿಡದೆ ಹೇಳಿದೆ.

ಕಣ್ಣು ತೆರೆದಾಗ ಹಿಂದಿನ ಕುರ್ಚಿಗಳು ಖಾಲಿ. ಸಾಲೆಯ ಹಿತ್ತಲಿನ ಗೋಡೆಯ ಮೇಲಿಂದ ಹೊಗೆ ಏಳುತ್ತಿತ್ತು. ಹೆಡ್ ಮಾಸ್ತರರು ಒಬ್ಬರೇ ಉಳಿದಿದ್ದರು, ಅವರೂ ಜೇಬು ತಡಕಾಡುತ್ತಿದ್ದರು. ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು ಕೈಮುಗಿದರು:

"ಸಾಹೇಬ್ರ, ಮುಂದಿನ ವರ್ಷ ಬಿಟ್ಟವರು ಬ್ಯಾಡ್ರಿ. ಇನ್ನೂ ಸೇದಾವ್ರು ಯಾರರ ಇದ್ರ ಕಳಸ್ರಿ. ಅವರು ಸುಮ್ನ ನಿಂತು ಕೆಮ್ಮಿದ್ರ ಸಾಕು."

೬. ಬಾಯಲ್ಲಿ ಏನಿದೆ

ಬಾಗೇವಾಡಿ ತಾಲೂಕಿನ ಒಂದು ಹಳ್ಳಿಯಲ್ಲಿ ದನಗಳಿಗೆ ಲಸಿಕೆ ಹಾಕುವ ಕೆಲಸವಿತ್ತು. ಊರ ಮುಂದಿನ ಬಯಲಿನಲ್ಲಿ ದನಗಳ ಸಾಲು, ಜೊತೆಗೆ ಅರ್ಧ ಊರು. ಒಬ್ಬ ಮುದುಕಿ ತನ್ನ ಆಕಳು ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಅವಳ ಮಗ, ಕಿವಿಯ ಮೇಲೆ ಬೀಡಿ ಸಿಕ್ಕಿಸಿಕೊಂಡ ದೊಡ್ಡ ಆಳು. ನನ್ನನ್ನು ಕಂಡದ್ದೇ ತಡ, ಮುದುಕಿ ಮಗನ ರಟ್ಟೆ ಹಿಡಿದು ಜಗ್ಗಿದಳು.

"ನೋಡೋ, ಸಿಗರೇಟ ಬಿಟ್ಟ ಡಾಕ್ಟರು ಇವರs. ಹೆಂಗ ಕಳಾ ಬಂದೈತಿ ನೋಡು ಮಾರಿ ಮ್ಯಾಲೆ! ಕಲೀ ಏನರ. ಸಾಹೇಬ್ರ, ಇವಗ ಒಂದೀಟು ಬುದ್ಧಿ ಹೇಳ್ರಿ."

ಮಂದಿ ಹತ್ತಿರ ಸರಿದರು. ನಾನೂ ಉಬ್ಬಿದೆ. "ಮನಸ್ಸು ಗಟ್ಟಿ ಇರಬೇಕಪ್ಪಾ, ಅಷ್ಟ," ಎನ್ನುತ್ತ ಆಕಳಿಗೆ ಜ್ವರ ಇದೆಯೋ ನೋಡಲು ಥರ್ಮಾಮೀಟರು ತೆಗೆದೆ. ದನಕ್ಕೆ ಅದನ್ನು ಇಡುವ ಜಾಗ ಬಾಯಿಯಲ್ಲ. ಬಾಲ ಎತ್ತಿ ಇಡಬೇಕು. ಇಟ್ಟೆ, ತೆಗೆದೆ, ಬಿಸಿಲಿಗೆ ಹಿಡಿದು ಓದಿದೆ. ಜ್ವರವಿರಲಿಲ್ಲ. ಅಷ್ಟರಲ್ಲಿ ಫೋನು ಬಂತು. ಮೇಲಿನ ಸಾಹೇಬರು.

ಇಪ್ಪತ್ತು ವರ್ಷದ ರೂಢಿ ಎಂಥದು ನೋಡಿ. ಎರಡು ಬೆರಳ ನಡುವೆ ತೆಳ್ಳಗೆ, ಉದ್ದಕ್ಕೆ ಏನೋ ಇದೆ. ಫೋನು ತೆಗೆಯಲು ಕೈ ಖಾಲಿಯಾಗಬೇಕು. ನನ್ನ ಕೈ ನನ್ನನ್ನು ಕೇಳಲೇ ಇಲ್ಲ. ಬೆರಳ ನಡುವೆ ಇದ್ದದ್ದನ್ನು ತುಟಿಯ ಮೂಲೆಗೆ ಸಿಕ್ಕಿಸಿ ಫೋನು ಎತ್ತಿತು.

"ಲಸಿಕಾ ಎಲ್ಲೀತನಾ ಬಂತ್ರಿ?" ಎಂದರು ಸಾಹೇಬರು.

"ಅರ್ಧಾ ಮುಗದೈತ್ರಿ ಸಾಹೇಬ್ರ," ಎಂದೆ, ತುಟಿ ಬಿಗಿಹಿಡಿದು.

"ಏನ್ರಿ ಇದು, ಮಾತು ಬಾಯಿಯ ಒಂದ ಬದಿಯಿಂದ ಬರಾಕತ್ತೈತಿ. ಮತ್ತ ಶುರು ಮಾಡೀರೇನು? ಖರೇ ಹೇಳ್ರಿ, ಬಾಯಾಗ ಏನೈತಿ?"

"ಛೇ ಛೇ, ಅದನ್ನ ಯಾವಾಗೋ ಬಿಟ್ಟೇನ್ರಿ. ಇದು ಬರೇ ಥರ್ಮಾಮೀಟರ್ ಐತ್ರಿ," ಎಂದೆ.

ಅಂದ ಮೇಲೆ, ಏನು ಅಂದೆ ಎಂಬುದು ನನಗೇ ಕೇಳಿಸಿತು.

ಬಯಲಿನಲ್ಲಿ ಒಂದು ದನವೂ ಅಂಬಾ ಅನ್ನಲಿಲ್ಲ. ಇಡೀ ಊರು ನನ್ನ ಬಾಯಿಯನ್ನು ನೋಡಿತು, ಆಮೇಲೆ ಆಕಳ ಬಾಲವನ್ನು ನೋಡಿತು, ಮತ್ತೆ ಅದರ ಕಣ್ಣು ನನ್ನ ಬಾಯಿಗೆ ಬಂತು. ನಾನು ಥರ್ಮಾಮೀಟರು ಕಿತ್ತೆಸೆದು ನೀರಿನ ತೊಟ್ಟಿಯತ್ತ ಓಡಿದೆ. ಬಾಯಿ ಮುಕ್ಕಳಿಸಿದೆ, ಮತ್ತೆ ಮುಕ್ಕಳಿಸಿದೆ, ಸಾಬೂನು ಕೇಳಿದೆ. ಹಿಂದೆ ಊರಿಗೆ ಊರೇ ಹೊಟ್ಟೆ ಹಿಡಿದು ನಗುತ್ತಿತ್ತು, ಕೊನೆಗೆ ನಾನೂ ತೊಟ್ಟಿಯ ಕಟ್ಟೆ ಹಿಡಿದು ನಕ್ಕೆ.

ನಗದೆ ನಿಂತವಳು ಆ ಮುದುಕಿ ಒಬ್ಬಳೇ. ಗಾಬರಿಯಿಂದ ನನ್ನನ್ನೇ ನೋಡುತ್ತಿದ್ದವಳು, ಮಗನ ಕಿವಿಯ ಮೇಲಿದ್ದ ಬೀಡಿ ತೆಗೆದು, ತಾನೇ ಅವನ ಬಾಯಿಗಿಟ್ಟು, ತಲೆ ಸವರಿ ಹೇಳಿದಳು:

"ನೀ ಇದನ್ನs ಸೇದು, ನನ್ನಪ್ಪಾ. ಬಿಟ್ಟಾವ್ರ ಗತಿ ನೋಡಿದೇನು?"