ಹುಣಸೂರಿನ ಕೈ, ಕೆ.ಆರ್. ನಗರದ ಕಾಲು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಬರೆಯಲು ಕೂತಾಗಲೂ ಬಂದಿದೆ. ಹುಣಸೂರಿನಲ್ಲಿ ಏಳು ವರ್ಷ ಟೇಕ್ವಾಂಡೊ ಕಲಿತು, ಬಿಳಿ, ಹಳದಿ, ಹಸಿರು, ನೀಲಿ ಎಲ್ಲವನ್ನೂ ದಾಟಿ ಕೆಂಪು ಬೆಲ್ಟಿಗೆ ಬಂದಿದ್ದೆ. ಇನ್ನೊಂದೇ ಒಂದು ಪರೀಕ್ಷೆ ಪಾಸಾದರೆ ಕಪ್ಪು ಬೆಲ್ಟು. ಅಷ್ಟರಲ್ಲಿ ಮದುವೆಯಾಯಿತು!

ಗಂಡನ ಊರು ಕೆ.ಆರ್. ನಗರ. ನಮ್ಮೆಜಮಾನರು ಮಹದೇವ, ಬೀಜ-ಗೊಬ್ಬರದ ಅಂಗಡಿ ಇಟ್ಟವರು, ಗಟ್ಟಿಯಾಗಿ ಕೆಮ್ಮಲೂ ಸಂಕೋಚಪಡುವ ಸಾಧು. ಹೆಣ್ಣು ನೋಡಲು ಬಂದ ದಿನವೇ ನಾನು ಷರತ್ತು ಹಾಕಿದ್ದೆ. "ಅಡುಗೆ ಅಷ್ಟಕ್ಕಷ್ಟೆ. ಆದ್ರೆ ಬ್ಲ್ಯಾಕ್ ಬೆಲ್ಟ್ ಮಾತ್ರ ತಗೊಂಡೇ ತಗೋತೀನಿ." ಅವರು ತಲೆಯಾಡಿಸಿ, "ಅದ್ಕೇನಂತೆ, ಮೈಸೂರಿಂದ ಒಳ್ಳೇದೇ ತಂದ್ಕೊಡ್ತೀನಿ ಬುಡಿ" ಎಂದಿದ್ದರು. ಪಾಪ, ಪ್ಯಾಂಟಿನ ಬೆಲ್ಟು ಅಂದುಕೊಂಡಿದ್ದರು.

ಕೆ.ಆರ್. ನಗರದಲ್ಲೂ ಸಂಜೆ ಹೊತ್ತು ಒಂದು ಶಾಲೆಯ ಹಾಲಿನಲ್ಲಿ ಟೇಕ್ವಾಂಡೊ ಕ್ಲಾಸು ನಡೆಯುತ್ತದೆ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಎಲ್ಲಿ ಕಲಿತರೇನು? ಹುಣಸೂರಿನ ಮುದ್ದೆ ಕೆ.ಆರ್. ನಗರಕ್ಕೆ ಬಂದರೆ ಅನ್ನ ಆಗಿಬಿಡುತ್ತದೆಯೇ?

ಆಗುತ್ತದೆ ಸ್ವಾಮಿ!

ಕೆಂಪು ಬೆಲ್ಟು ಬಿಗಿದುಕೊಂಡು ಹೋಗಿ ಹೊಸ ಮೇಷ್ಟ್ರ ಮುಂದೆ ನನಗೆ ಬರುವುದನ್ನೆಲ್ಲ ಮಾಡಿ ತೋರಿಸಿದೆ. ಚಪ್ಪಾಳೆ ಬರಬಹುದೆಂದು ಕಾದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು. "ಯಾಕಮ್ಮಾ ಹೆಜ್ಜೆ ಹೆಜ್ಜೆಗೂ ಮೇಲೆ ಕೆಳಗೆ ಕುಣೀತೀರಿ?"

ಕುಣಿತವಂತೆ! ನಮ್ಮ ಹುಣಸೂರಿನ ಸ್ಟೈಲಿನಲ್ಲಿ ಪ್ರತಿ ಹೆಜ್ಜೆಗೂ ಮಂಡಿ ಬಗ್ಗಿಸಿ, ಮೈ ಮೇಲೆತ್ತಿ, ಇಳಿಸಿ ಹೊಡೆಯಬೇಕು. ಏಟಿನ ಜೋರೆಲ್ಲ ಅದರಲ್ಲೇ ಇರುವುದು. ಇವರ ಸ್ಟೈಲಿನಲ್ಲಿ ನೆಟ್ಟಗೆ ನಡೆಯಬೇಕು. ನಮ್ಮಲ್ಲಿ ಕೈಗೆ ಗ್ಲೌಸು ಹಾಕಿ ಮುಖಕ್ಕೇ ಗುದ್ದಿ ಪಾಯಿಂಟು ತೆಗೆದುಕೊಳ್ಳುತ್ತೇವೆ. ಇವರಲ್ಲಿ ಎದೆಗೆ ಗಾರ್ಡು ಕಟ್ಟಿಕೊಂಡು ಕಾಲಲ್ಲಿ ಒದೆಯಬೇಕು. ಮುಖಕ್ಕೆ ಮುಷ್ಟಿ ತಾಗಿತೋ, ತಪ್ಪು!

"ನಿಮ್ದು ಬೇರೆ ಸ್ಟೈಲು ಕಣಮ್ಮಾ. ಇಲ್ಲಿ ಬಿಳಿ ಬೆಲ್ಟಿಂದ ಶುರು ಮಾಡ್ಬೇಕಾಯ್ತದೆ" ಎಂದರು ಮೇಷ್ಟ್ರು.

ನನ್ನ ಪಿತ್ತ ನೆತ್ತಿಗೇರಿತು. "ಏನ್ ಸಾರ್ ಹಿಂಗಂತೀರಿ? ಏಳು ವರ್ಷ ಬೆವರು ಸುರಿಸಿದೀನಿ! ಮೂರನೇ ಕ್ಲಾಸ್ ಮಕ್ಕಳ ಜೊತೆ ನಿಂತ್ಕೋಬೇಕಾ ನಾನು?"

"ಮೂರನೇ ಕ್ಲಾಸಿನೋರು ಹಳದಿಗೆ ಬಂದವ್ರೆ. ಬಿಳಿಯೋರೆಲ್ಲ ಎರಡನೇ ಕ್ಲಾಸು."

ಜಗಳವಾಡಿ ಒಂದು ಒಪ್ಪಂದಕ್ಕೆ ಬಂದೆವು. ಇನ್ನೊಂದು ತಿಂಗಳಿಗೆ ಬೆಲ್ಟ್ ಪರೀಕ್ಷೆ. ಅದರಲ್ಲಿ ಎದುರಾಳಿಯ ಮುಖಕ್ಕೆ ಕೈ ಹಾಕದೆ ಒಂದು ಪಂದ್ಯ ಆಡಿದರೆ ಕೆಂಪು ಬೆಲ್ಟು ನನ್ನ ಸೊಂಟದಲ್ಲೇ ಇರುತ್ತದೆ. ಕೈ ಹಾಕಿದರೆ ಬಿಳಿ. ಮನೆಗೆ ಬಂದು ಈ ಅನ್ಯಾಯವನ್ನು ಅತ್ತೆಗೆ ಹೇಳಿದರೆ, ಅವರು ಸೊಪ್ಪು ಬಿಡಿಸುತ್ತಾ, "ಬಿಳೀದೋ ಕೆಂಪುದೋ, ಕಟ್ಕಳದು ಸೊಂಟುಕ್ಕೆ ತಾನೇ ಕಣವ್ವ?" ಎಂದರು. ಸಿಟ್ಟಿಗೆ ಅವತ್ತು ಊಟ ಬಿಟ್ಟೆ. ಯಾರೂ ಕರೆಯದೇ ಇದ್ದುದರಿಂದ ಆಮೇಲೆ ನಾನೇ ಬಡಿಸಿಕೊಂಡು ಉಂಡೆ.

ಕಾಲು ಬೇಗ ಕಲಿಯಿತು. ಕೈ ಕಲಿಯಲಿಲ್ಲ. ಎದುರಿಗೆ ಯಾರಾದರೂ ಹತ್ತಿರ ಬಂದರೆ ಸಾಕು, ನನ್ನ ಬಲಗೈ ನನ್ನನ್ನು ಕೇಳದೇ ಹೋಗಿ ಅವರ ಮುಖಕ್ಕೆ ಗುದ್ದಿ ಬರುತ್ತಿತ್ತು. ಮೊದಲ ವಾರ ಒಬ್ಬ ಹುಡುಗಿಯ ಕೆನ್ನೆ. ಎರಡನೇ ವಾರ ಬಿಡಿಸಲು ಬಂದ ಮೇಷ್ಟ್ರ ಕನ್ನಡಕ. ನಾನು ಪ್ರಾಕ್ಟೀಸಿಗೆ ನಿಂತರೆ ಸಾಕು, ಎರಡನೇ ಕ್ಲಾಸಿನ ಪಿಳ್ಳೆಗಳೆಲ್ಲ "ಆಂಟಿ, ಕೈ! ಕೈ!" ಎಂದು ಕೂಗುತ್ತಿದ್ದವು.

ಆಗ ನಮ್ಮೆಜಮಾನರಿಗೆ ಒಂದು ಉಪಾಯ ಹೊಳೆಯಿತು. ಅವರಿಗೆ ಉಪಾಯ ಹೊಳೆಯುವುದು ವರ್ಷಕ್ಕೊಂದು ಸಲ. ಅದು ಆ ವರ್ಷವೇ ಹೊಳೆಯಬೇಕಿತ್ತೆ?

"ಕರ ಹಾಲು ಕುಡೀಬಾರ್ದು ಅಂದ್ರೆ ಏನ್ ಮಾಡ್ತೀವಿ? ಕಟ್ಟಾಕ್ತೀವಿ. ಅಂಗೇ ನಿನ್ ಕೈನೂ ಕಟ್ಟಾಕದು ಕಣಮ್ಮಿ."

ಅಂಗಡಿಯಿಂದ ಹಗ್ಗ ತಂದು ನನ್ನ ಎರಡೂ ಮಣಿಕಟ್ಟನ್ನು ಸೊಂಟಕ್ಕೆ ಸೇರಿಸಿ ಬಿಗಿದರು. ಹಿತ್ತಲಿನ ಸೀಬೆಮರಕ್ಕೆ ತೌಡಿನ ಮೂಟೆ ನೇತು ಹಾಕಿದರು. ದಿನಾ ಬೆಳಿಗ್ಗೆ ನಾನು ಮೂಟೆಗೆ ದಬ್ ದಬ್ ಎಂದು ಒದೆಯುವುದು, ಒದ್ದಾಗಲೆಲ್ಲ ನಿಯಮದಂತೆ "ಹ್ಹಾ!" ಎಂದು ಕಿರುಚುವುದು. ಅವರು ಉಳಿದ ಹಗ್ಗ ಕೈಯಲ್ಲಿ ಹಿಡಿದು "ಇನ್ನೂ ಜೋರಾಗಿ, ಇನ್ನೂ ಜೋರಾಗಿ" ಎಂದು ಹುರಿದುಂಬಿಸುವುದು. ಎರಡು ವಾರದಲ್ಲಿ ಕೈ ಸೊಂಟಕ್ಕೆ ಅಂಟಿಕೊಳ್ಳುವುದನ್ನು ಕಲಿಯತೊಡಗಿತು.

ಪಕ್ಕದ ಮನೆಯ ಜಯಮ್ಮನಿಗೆ ಗೋಡೆಯಾಚೆಯಿಂದ ಕೇಳಿಸುತ್ತಿದ್ದುದು ಇಷ್ಟೇ: ದಬ್, ಹ್ಹಾ, ಇನ್ನೂ ಜೋರಾಗಿ. ಒಂದು ದಿನ ಬಟ್ಟೆ ಒಗೆಯುವ ಕಲ್ಲು ಹತ್ತಿ ಇಣುಕಿ ನೋಡಿದಳಂತೆ. ಕಂಡದ್ದು ಹಗ್ಗದಲ್ಲಿ ಬಿಗಿದ ಹೆಂಡತಿ, ಹಗ್ಗ ಹಿಡಿದ ಗಂಡ!

ಸಂಜೆಗೆ ಅವಳ ಗಂಡ ಪುಟ್ಟೇಗೌಡರು ನಾಲ್ಕು ಜನರನ್ನು ಕಟ್ಟಿಕೊಂಡು ನಮ್ಮ ಜಗಲಿಗೆ ಬಂದರು. ಬೀದಿಯ ನ್ಯಾಯವೆಲ್ಲ ಅವರದೇ.

"ಲೇ ಮಾದೇವ, ಏನ್ಲಾ ಇದು? ಹೆಂಡ್ತಿನ ಎತ್ ಕಟ್ದಂಗೆ ಕಟ್ಟಾಕಿದ್ದೀಯಂತೆ?"

ನಮ್ಮೆಜಮಾನರು ತಡವರಿಸಿದರು. "ಗೌಡ್ರೆ, ಕಟ್ಟಿದ್ದು ನಿಜ. ಕಾಲಲ್ಲಿ ಒದೀಲಿ ಅಂತ..."

"ಕಾಲಲ್ಲಿ ಬೇರೆ ಒದೀಬೇಕೇನ್ಲಾ ನೀನು!"

ನಾನು ಒಳಗಿನಿಂದ ಧಡಧಡ ಬಂದೆ. "ಅವರೇನೂ ಮಾಡಿಲ್ಲ! ನಾನೇ ಕಟ್ಟಿಸಿಕೊಂಡಿದ್ದು!" ಎಂದು ಕೂಗಿದೆ. ಜಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಪಾಪದ ಎಣ್ಣು, ಎದ್ರಿಸಿ ಇಂಗೆ ಏಳುಸ್ತಾವ್ನೆ" ಎಂದಳು. ನನಗೆ ಬಂದ ಸಿಟ್ಟಿಗೆ ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದು ಮೂಟೆಗೆ ಒದ್ದು ತೋರಿಸಿದೆ. ಸೀಬೆಕೊಂಬೆ ಮುರಿದು ಮೂಟೆ ಸಮೇತ ಕೆಳಗೆ ಬಿತ್ತು. ಅವರು ನನ್ನ ಮಾತನ್ನು ಅರ್ಧ ನಂಬಿದರು. "ಇನ್ನೊಂದ್ ಸಲ ಈ ಎಣ್ಮಗಳ ಮೈ ಮೇಲೆ ಒಂದು ಗಾಯ ಕಾಣ್ಲಿ, ಆಮೇಲೆ ಅದೆ ನಿಂಗೆ" ಎಂದು ಮಹದೇವರಿಗೆ ಬೆರಳು ತೋರಿಸಿ ಗೌಡರು ಹೊರಟರು.

ಪರೀಕ್ಷೆ ಬಂತು. ಎದುರಿಗೆ ಪಿಯುಸಿ ಓದುವ ಒಬ್ಬಳು ಹುಡುಗಿ. ನನ್ನ ಕೈ ಚಿನ್ನದಂಥ ಕೈ, ಸೊಂಟ ಬಿಟ್ಟು ಅಲುಗಲಿಲ್ಲ. ಇನ್ನೇನು ಮುಗಿಯಬೇಕು, ಅವಳು ನನ್ನ ಪಕ್ಕೆಗೆ ಒದ್ದು ನಕ್ಕಳು. ಒದೆಯಲಿ, ಅದು ಆಟ. ನಗುವುದೆಂದರೇನು? ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಹುಣಸೂರಿನವಳೇ! ಗುದ್ದು ಅವಳ ಗಲ್ಲಕ್ಕೆ ಬಿತ್ತು.

ಮೇಷ್ಟ್ರು ಬಿಳಿ ಬೆಲ್ಟನ್ನು ತಂದು ನನ್ನ ಹೆಗಲ ಮೇಲೆ ಹಾಕಿದರು. "ನಿಮ್ಮ ಬಿಳಿ ಬೆಲ್ಟು ನೀವೇ ಇಟ್ಕೊಳ್ಳಿ! ನನಗೆ ನನ್ನೂರು ಹುಣಸೂರಿದೆ!" ಎಂದು ಅಬ್ಬರಿಸಿ ಹೊರಬಂದೆ. ಮನೆಗೆ ಬಂದ ಮೇಲೆ ನೋಡಿದರೆ ಅದು ಹೆಗಲ ಮೇಲೇ ಇತ್ತು.

ಮುಂದಿನ ಭಾನುವಾರವೇ ಹುಣಸೂರಿನಲ್ಲಿ ಕಪ್ಪು ಬೆಲ್ಟಿನ ಪರೀಕ್ಷೆ. ಬೆಳಿಗ್ಗೆ ಬಸ್ಸು ಹತ್ತಿದೆ. ಹಳೇ ಮೇಷ್ಟ್ರು ನನ್ನನ್ನು ನೋಡಿ ಹಿಗ್ಗಿ, "ಬಾರವ್ವ, ನಿಂಗೆ ಪರೀಕ್ಷೆ ಬರೀ ಶಾಸ್ತ್ರಕ್ಕೆ" ಎಂದರು. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅವರ ಮುಖ ಬಾಡಿತು. "ಇದೇನವ್ವ, ತಲೆ ಮೇಲೆ ಬಿಂದಿಗೆ ಇಟ್ಕೊಂಡಂಗೆ ನೆಟ್ಟಗೆ ನಡೀತಾ ಇದ್ದೀಯ?"

ಹೋಗಲಿ, ಪಂದ್ಯವಿದೆಯಲ್ಲ ಅಂದುಕೊಂಡೆ. ಎದುರಾಳಿ ಹತ್ತನೇ ಕ್ಲಾಸಿನ ಹುಡುಗಿ. ಅವಳಿಗೆ ಬೆಲ್ಟು ಕಟ್ಟಲು ಕಲಿಸಿದವಳೇ ನಾನು. ಅವಳು ಹತ್ತಿರ ಬಂದಳು. ಹೊಡಿ, ಎಂದೆ ನನ್ನ ಕೈಗೆ. ಕೈ ಮೇಲೇಳಲಿಲ್ಲ! ಹಗ್ಗ ಕಟ್ಟಿದ ಹಾಗೆ ಸೊಂಟದಲ್ಲೇ ನಿಂತಿತ್ತು. ಅವಳು ತುಟಿಗೊಂದು ಕೊಟ್ಟಳು. ಕಣ್ಣಿಗೊಂದು ಕೊಟ್ಟಳು. ಕೊನೆಗೆ ಅವಳೇ ಗಾಬರಿಯಾಗಿ, "ಅಕ್ಕಾ, ಕೈ ಎತ್ತಿ ಅಕ್ಕಾ!" ಎಂದು ಬೇಡಿಕೊಂಡಳು. ನಾನು ಫೇಲು.

ಊದಿದ ಕಣ್ಣು, ಒಡೆದ ತುಟಿ ಹೊತ್ತು ಸಂಜೆಗೆ ಮನೆ ಸೇರಿದೆ. ತನ್ನ ಮನೆ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಜಯಮ್ಮ ನೋಡಿದಳು. ನಾನು ಮುಖ ತೊಳೆದು ಬರುವಷ್ಟರಲ್ಲಿ ಮನೆ ಮುಂದೆ ಹತ್ತು ಜನ. ಪಾಪ, ನಮ್ಮೆಜಮಾನರು ಆಗ ತಾನೇ ತರಕಾರಿ ಚೀಲ ಹಿಡಿದು ಅಂಗಡಿಯಿಂದ ಬರುತ್ತಿದ್ದರು.

"ಬಾರ್ಲಾ ಮಾದೇವ, ನಿನ್ನೇ ಕಾಯ್ತಿದ್ದೆ" ಎಂದು ಪುಟ್ಟೇಗೌಡರು ಅವರ ಕೊರಳಪಟ್ಟಿ ಹಿಡಿದರು. "ನಡೀ, ಇವತ್ತು ಸ್ಟೇಷನ್ನಲ್ಲೇ ನಿನ್ನ ನ್ಯಾಯ."

ನಿಜ ಹೇಳಿದರೆ ಗಂಡ ಉಳಿಯುತ್ತಾರೆ, ನನ್ನ ಮಾನ ಉಳಿಯುವುದಿಲ್ಲ. ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ, ನಾನು ಒಂದು ಹೆಜ್ಜೆ ಬಾಗಿಲ ಹಿಂದಕ್ಕೆ ಸರಿದೆ. ಅವರು ನನ್ನ ಕಡೆ ಒಮ್ಮೆ ನೋಡಿದರು. "ಹೇಳು" ಎನ್ನಲಿಲ್ಲ. "ಮೊದ್ಲು ಕಣ್ಗೆ ಏನಾರ ಅಚ್ಕೊ ಕಣಮ್ಮಿ" ಎಂದರು.

ಆ ಸಾಧುತನ ಕಂಡು ನನಗೆ ನನ್ನ ಮೇಲೆಯೇ ರೇಗಿಹೋಯಿತು.

"ಬಿಡ್ರೀ ಅವರನ್ನ!" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದೆ. "ನನ್ನ ಹೊಡೆದಿದ್ದು ಹತ್ತನೇ ಕ್ಲಾಸ್ ಹುಡುಗಿ!"

ಬಂದವರೆಲ್ಲ ಕತ್ತು ಚಾಚಿ ನನ್ನ ಕಣ್ಣನ್ನು ಇನ್ನೊಮ್ಮೆ ನೋಡಿದರು.

"ಎಷ್ಟ್ ಜನ ಸೇರ್ಕೊಂಡಿದ್ರವ್ವ?" ಎಂದಳು ಜಯಮ್ಮ ಮೆಲ್ಲಗೆ.

"ಒಬ್ಳೇ."

ಪುಟ್ಟೇಗೌಡರು ಕೊರಳಪಟ್ಟಿ ಬಿಟ್ಟು, ಅದನ್ನು ತಾವೇ ಸರಿಮಾಡಿ, ನಮ್ಮೆಜಮಾನರ ಬೆನ್ನು ತಟ್ಟಿದರು. "ತಪ್ಪಾಯ್ತು ಕಣ್ಲಾ. ಇಷ್ಟ್ ದಿನ ಇವ್ಳು ನಿಂಗೆ ಒದ್ದುಬುಟ್ರೆ ಅಂತ್ಲೂ ನಂಗೊಂದು ಭಯ ಇತ್ತು. ಇನ್ನೇನೂ ಯೋಚ್ನೆ ಇಲ್ಲ ಬುಡು."

ಮರುದಿನ ಸಂಜೆ ಬಿಳಿ ಬೆಲ್ಟು ಕಟ್ಟಿಕೊಂಡು ಎರಡನೇ ಕ್ಲಾಸಿನ ಮಕ್ಕಳ ಸಾಲಿನ ಹಿಂದೆ ನಿಂತೆ. ಎದುರಿಗೆ ಮತ್ತೆ ಆ ನಗುವ ಪಿಯುಸಿ ಹುಡುಗಿ. ಮತ್ತೆ ಒದ್ದಳು, ಮತ್ತೆ ನಕ್ಕಳು. ಮೈಯೆಲ್ಲ ಉರಿದುಹೋಯಿತು. ಈ ಸಲ ಒಂದು ಕೊಟ್ಟೇ ಬಿಡಬೇಕೆಂದು ಹಲ್ಲು ಕಚ್ಚಿದೆ. ಕೈ ಮೇಲೇಳಲೇ ಇಲ್ಲ!

ಮೇಷ್ಟ್ರು ಆಟ ನಿಲ್ಲಿಸಿ ಎಲ್ಲರನ್ನೂ ಕರೆದು ನನ್ನನ್ನು ತೋರಿಸಿದರು.

"ನೋಡಿ ಮಕ್ಕಳೇ, ಬಿಳಿ ಬೆಲ್ಟು ಅಂದ್ರೆ ಹಿಂಗಿರ್ಬೇಕು!"