ಲೇಹ್ಯದೊಳಗೆ ಕೂತ ಗುಣಮಟ್ಟ

ಮಾತ್ರೆ ತಯಾರಿಸುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡಿಕೊಳ್ಳುವ ಕೆಲಸ ಮಾಡಿ, ನಿವೃತ್ತನಾಗಿ ಕಂಪಲಾಪುರಕ್ಕೆ ಬಂದವನು ನಾನು. ಅಲ್ಲಿ ಕಲಿತದ್ದು ಇಷ್ಟು. ಗುಣಮಟ್ಟವನ್ನು ಕೊನೆಯಲ್ಲಿ ಪರೀಕ್ಷೆ ಮಾಡಿ ತರಲಾಗದು. ಮೊದಲ ಹಂತದಿಂದಲೇ ಮಾಲಿನೊಳಗೆ ಕೂರಿಸಬೇಕು. ಮಾಲು ಕೆಟ್ಟರೆ ಮೂಲ ಕಾರಣ ಹುಡುಕಿ, ಅದನ್ನು ಆ ಜಾಗದಿಂದ ತೆಗೆಯಬೇಕು.

ಇಂಥವನು ಮನೆಯಲ್ಲಿರುವಾಗ ಬಾಣಂತಿ ಲೇಹ್ಯ ಕೆಡುವುದುಂಟೇ?

ಬಾಣಂತನಕ್ಕೆ ಬಂದಿದ್ದ ಮಗಳು ಸವಿತಾ ಮರುದಿನ ಗಂಡನ ಮನೆಗೆ ಹೊರಡುವವಳಿದ್ದಳು. ಊಟ ಸೇರದೆ ಸೊರಗಿದ್ದ ಅವಳು ಬಾಯಿಬಿಟ್ಟು ಕೇಳಿದ್ದು ಒಂದನ್ನೇ, ಅಮ್ಮನ ಕೈಯ ಲೇಹ್ಯ. ಅದಕ್ಕೆಂದೇ ನನ್ನ ಹೆಂಡತಿ ರತ್ನ ಮನೆಯ ಹಸುವಿನ ತುಪ್ಪವನ್ನು ಕೂಡಿಟ್ಟಿದ್ದಳು. ಪಿರಿಯಾಪಟ್ಟಣದ ಗ್ರಂದಿಗೆ ಅಂಗಡಿಯಿಂದ ಒಣಶುಂಠಿ, ಹಿಪ್ಪಲಿ, ಜಾಯಿಕಾಯಿಗಳನ್ನು ಮುಂಜಾಗ್ರತೆಗೆ ಎರಡರಷ್ಟು ತಂದವನು ನಾನು. ತಂದವನು ಸುಮ್ಮನಿರಬಹುದಿತ್ತು.

ರತ್ನಳ ತಲೆಗೆ ಬಟ್ಟೆಯ ಟೋಪಿ ತೊಡಿಸಿ ನಿಯಮ ಹೇಳಿದೆ. "ಮಾಡಿದವರೇ ಸರಿ ಇದೆ ಅನ್ನೋ ಹಾಗಿಲ್ಲ ಕಣೇ. ನಾನು ನೋಡಿ ಒಪ್ಪಿದ ಮೇಲೇ ಮುಂದಿನ ಹಂತ."

"ಇದು ಒಲೆ ಕಣ್ರೀ, ನಿಮ್ ಫ್ಯಾಕ್ಟ್ರಿ ಅಲ್ಲ. ಬೆಂಕಿ ನಿಮ್ಗೋಸ್ಕರ ಕಾಯ್ತದಾ?"

ಈ ಆಕ್ಷೇಪಣೆಯನ್ನು ತಾಳ್ಮೆಯಿಂದ ಆಲಿಸಿ ತಿರಸ್ಕರಿಸಿದೆ.

ಕೋಣೆಯಿಂದ ಸವಿತಾ ಇಣುಕಿದಳು. "ಮಗೀಗ್ ಮಾತ್ರ ಟೋಪಿ ಅಂದ್ಕಂಡಿದ್ದೆ. ಅಮ್ಮಂಗೂ ಹಾಕ್ಬುಟ್ರಾ ಅಪ್ಪ?"

ಪುಡಿ ಜರಡಿ ಹಿಡಿಯುವ ಹಂತ ಒಪ್ಪಿಗೆ ಪಡೆಯಿತು. ಬೆಲ್ಲದ ಪಾಕ ಕುದಿಯಿತು.

"ಎಳೆ ಬಂತು. ಪುಡಿ, ತುಪ್ಪ ಹಾಕಿ ಇಳಿಸ್ಬುಡ್ಲೇನ್ರೀ?"

"ತಡಿ. ನಾನು ನೋಡದೆ ಇಳಿಸಬೇಡ."

ನೋಡಲು ಕೈ ತೊಳೆದಿರಬೇಕು. ನಲ್ಲಿಯಲ್ಲಿ ನೀರಿರಲಿಲ್ಲ. ಹಿತ್ತಲಿನ ತೊಟ್ಟಿಗೆ ಹೋಗಿ ಮೊಣಕೈವರೆಗೆ ತೊಳೆದುಕೊಂಡು ಬಂದೆ. ಪಾತ್ರೆಯ ಮೇಲೆ ಬಗ್ಗಿದಾಗ ಕನ್ನಡಕಕ್ಕೆ ಹಬೆ ಕಟ್ಟಿತು. ಕಾಣದೆ ಒಪ್ಪಿಗೆ ಕೊಡುವವನು ನಾನಲ್ಲ. ಕನ್ನಡಕ ಒರೆಸಿದೆ. ಒರೆಸಿದ್ದರಿಂದ ಕೈ ಅಶುದ್ಧವಾಯಿತು. ಮತ್ತೆ ಹಿತ್ತಲಿಗೆ ನಡೆದೆ.

"ರೀ, ಪಾಕ ಮೀರೋಯ್ತದೆ!"

"ಬಂದೆ."

ನಾನು ಬರುವಷ್ಟರಲ್ಲಿ ರತ್ನ ನಿಯಮ ಮೀರಿ ಪುಡಿ, ತುಪ್ಪ ಸುರಿದು ಇಳಿಸಿದ್ದಳು. ಆದರೆ ಪಾಕ ಅವಳಿಗಿಂತ ಮೊದಲೇ ಮೀರಿತ್ತು. ಆರಿದ ಮೇಲೆ ಸೌಟು ಎತ್ತಿದೆ. ಪಾತ್ರೆಯೂ ಜೊತೆಗೇ ಎದ್ದು ಬಂತು.

ಸವಿತಾ ಬೆರಳಿನಿಂದ ತಟ್ಟಿ ನೋಡಿದಳು. "ಗುಣಮಟ್ಟ ಒಳಗೇ ಕೂತದೆ ಅಪ್ಪ. ಸೌಟೂ ಕೂತದೆ."

ರತ್ನ ನಗಲಿಲ್ಲ. ಬರಿದಾದ ತುಪ್ಪದ ಡಬ್ಬಿಯನ್ನು ನೋಡಿ, "ಮಗ್ಳು ಬಾಯಿಗೆ ಅಂತ ಇಟ್ಟಿದ್ದೆ" ಎಂದಳು, ಅಷ್ಟೇ.

ನಾನು ತುಪ್ಪಕ್ಕೆಂದು ಲೋಟ ಹಿಡಿದು ಪಕ್ಕದ ಮನೆಯ ಪುಟ್ಟಮ್ಮನ ಬಾಗಿಲಿಗೆ ಹೋದೆ.

"ಹಸ ನಿಮ್ಮನೇದು, ತುಪ್ಪ ನಮ್ಮನೇದಾ ಸಾಮಿ?"

"ಗುಣಮಟ್ಟದ ಕಾರಣಗಳಿಂದ," ಎಂದೆ.

ತುಪ್ಪ ತಂದುಕೊಟ್ಟ ಕೂಡಲೇ ರತ್ನ ಅಡುಗೆಮನೆಯ ಬಾಗಿಲು ಹಾಕಿಕೊಂಡಳು. ಹೊರಗಿನಿಂದಲೇ ಕೇಳಿದೆ, "ಮೂಲ ಕಾರಣ ಗೊತ್ತಾಯಿತೇನೇ?"

"ಗೊತ್ತಾಗೇ ಬಾಗ್ಲಾಕಿರೋದು."

ಸಂಜೆ ಸವಿತಾ ಜಗಲಿಗೆ ಬಂದು, ತಾನು ಚಪ್ಪರಿಸುತ್ತಿದ್ದ ಲೇಹ್ಯದಲ್ಲಿ ಒಂದಿಷ್ಟನ್ನು ನನ್ನ ಅಂಗೈಗೆ ಹಾಕಿದಳು. ಹದ ಅಚ್ಚುಕಟ್ಟಾಗಿತ್ತು. ಒಂದು ಮೂಲ ಕಾರಣವನ್ನು ಇಷ್ಟು ಬೇಗ ಪತ್ತೆಹಚ್ಚಿ, ಜಾಗದಿಂದ ತೆಗೆದು, ಜಗಲಿಯ ಮೇಲೆ ಕೂರಿಸಿದ್ದನ್ನು ನನ್ನ ಇಡೀ ಸೇವಾವಧಿಯಲ್ಲಿ ಕಂಡಿರಲಿಲ್ಲ.