ಒಂದು ಬೇವಿನ ಗಿಡ, ಹತ್ತೊಂಬತ್ತು ಫಲಕ

ನಮ್ಮ ಕ್ಯಾಂಪಸ್ಸಿನಲ್ಲಿ ಪರಿಸರ ದಿನಾಚರಣೆ ವರ್ಷಕ್ಕೆ ಒಂದೇ ದಿನ. ಉಳಿದ ದಿನಗಳೆಲ್ಲ ಅದರ ಪರಿಣಾಮ. ವಿದ್ಯಾರ್ಥಿಗಳ ಪರಿಸರ ಸಂಘಕ್ಕೆ ನಾನು ಹನ್ನೊಂದು ವರ್ಷದಿಂದ ಸಂಚಾಲಕ. ಆಚರಣೆ ಮಾಡುವವರು ವಿದ್ಯಾರ್ಥಿಗಳೇ. ಗಿಡ ನೆಡುವ ಅತಿಥಿಗಳ ಹೆಸರಿನ ಫಲಕ ಬರೆಸುವುದಷ್ಟೇ ನನ್ನ ಕೆಲಸ. ಇಷ್ಟು ವರ್ಷದಲ್ಲಿ ಒಂದು ಫಲಕದಲ್ಲೂ ಅಕ್ಷರ ತಪ್ಪಿಲ್ಲ. ಗಿಡಗಳ ಬಗ್ಗೆ ಇಷ್ಟು ಧೈರ್ಯವಾಗಿ ಹೇಳಲಾರೆ.

೧. ಉಳಿದದ್ದು

ಸಂಘದ ಮೊದಲ ಕಾರ್ಯದರ್ಶಿ ನಮ್ಮ ಮಾಳಿಯ ಮಗಳು. ಅಪ್ಪ ಕ್ಯಾಂಪಸ್ಸಿನ ಗಿಡಗಳಿಗೆ ನೀರು ಹಾಕುತ್ತಿದ್ದ, ಮಗಳು ಅದೇ ಕ್ಯಾಂಪಸ್ಸಿನಲ್ಲಿ ಎಂ.ಎ. ಓದುತ್ತಿದ್ದಳು. ಮೊದಲ ವರ್ಷ ಅತಿಥಿಗಳು ಮಾವು, ಗುಲ್‌ಮೊಹರ್ ನೆಟ್ಟು ಫೋಟೋ ತೆಗೆಸಿಕೊಂಡು ಹೋದ ಮೇಲೆ ಟೆಂಪೋದಲ್ಲಿ ಒಂದು ಬೇವಿನ ಸಸಿ ಉಳಿದಿತ್ತು. "ಅಪ್ಪಾ, ಇದನ್ನ ಯಾರೂ ಕೇಳಲೇ ಇಲ್ಲ" ಎಂದು ಅವಳು ಅದನ್ನು ಗ್ರಂಥಾಲಯದ ಹಿಂದೆ, ನಲ್ಲಿಯ ಪಕ್ಕಕ್ಕೆ ನೆಟ್ಟಳು. ಫಲಕ ಇಲ್ಲ, ಫೋಟೋ ಇಲ್ಲ.

ಅದೇ ವರ್ಷ ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಮುಧೋಳದಿಂದ ಸ್ಕೂಟಿಯ ಮೇಲೆ ಬರುವಾಗ, ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರೇಲರ್ ಅವಳಿಗೆ ಕಾಣಲಿಲ್ಲ. ಟ್ರೇಲರಿಗೆ ಹಿಂದೆ ದೀಪ ಇರಲಿಲ್ಲ.

ನಾಲ್ಕನೆಯ ದಿನ ಮಾಳಿ ಕೆಲಸಕ್ಕೆ ಬಂದ. "ಇಷ್ಟ ಲಗೂ ಯಾಕ ಬಂದಿ?" ಎಂದೆ. "ಗಿಡಕ್ಕ ನೀರ ಹಾಕೋರ ಯಾರದಾರ್ರಿ ಸರ್" ಎಂದ. ಅವಳ ನೆನಪಿಗೆ ಒಂದು ಸಸಿ ನೆಡಬೇಕೆಂದು ಶೋಕಸಭೆಯಲ್ಲಿ ನಿರ್ಣಯವಾಯಿತು. ಅಶೋಕ ನೆಟ್ಟೆವು, ಒಣಗಿತು. ಅವಳೇ ನೆಟ್ಟ ಬೇವು ನೂರು ಹೆಜ್ಜೆ ಆಚೆ ಚಿಗುರುತ್ತಿತ್ತು. ಅದು ನಿರ್ಣಯದಲ್ಲಿ ಇರಲಿಲ್ಲ.

೨. ಅಂಚಿನ ಬ್ಯಾನರು

ಬೇವು ನೆರಳು ಕೊಡುವಷ್ಟಾದ ಮೇಲೆ ಕಾರ್ಯಕ್ರಮವೂ ಅಲ್ಲಿಗೇ ಬಂತು. ಆ ವರ್ಷದ ಕಾರ್ಯದರ್ಶಿ ಬನಹಟ್ಟಿಯ ನೇಕಾರರ ಮಗಳು. ಪ್ಲಾಸ್ಟಿಕ್ ಫ್ಲೆಕ್ಸ್ ಬೇಡ, ಬಟ್ಟೆಯ ಬ್ಯಾನರೇ ಆಗಬೇಕೆಂದು ಹಟ ಹಿಡಿದಳು. ಅವಳ ತಂದೆ ಮಗ್ಗದ ಮೇಲೆ ನೇಯ್ದು ಕಳಿಸಿದರು, ಎರಡೂ ಕಡೆ ಕೆಂಪು ಅಂಚು ಹಾಕಿ. "ಅಂಚ ಇಲ್ಲದ ಬಟ್ಟಿ ನಮ್ಮ ಮನ್ಯಾಗಿಂದ ಹೊರಗ ಬಿದ್ದಿಲ್ಲರಿ" ಎಂದು ಫೋನಿನಲ್ಲಿ ಹೇಳಿದರು.

ಹುಡುಗರು ಗಿಡಕ್ಕೆ ಮೊಳೆ ಹೊಡೆಯಲು ಹೋದಾಗ ಮಾಳಿ ಅಡ್ಡ ನಿಂತ. "ಮೊಳಿ ಬಡಿಬ್ಯಾಡ್ರಪಾ, ಹಗ್ಗ ಕಟ್ರಿ."

ಭಾಷಣದ ನಡುವೆ ಹಗ್ಗ ಬಿಚ್ಚಿತು. ಬ್ಯಾನರು ಸೀದಾ ಮುಖ್ಯ ಅತಿಥಿಗಳ ಹೆಗಲ ಮೇಲೆ ಬಿತ್ತು. ಅವರು ಅಂಚು ನೋಡಿದರು, ಸನ್ಮಾನದ ಶಾಲು ಎಂದುಕೊಂಡು ಸರಿಪಡಿಸಿಕೊಂಡು ಕೈಮುಗಿದರು. ಚಪ್ಪಾಳೆ ಬಿತ್ತು. ವಾಪಸ್ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಬೆನ್ನ ಮೇಲೆ 'ಭೂಮಿಯನ್ನು ಉಳಿಸಿ' ಎಂದು ಬರೆಸಿಕೊಂಡು ಅವರು ಕಾರು ಹತ್ತಿ ಹೋದರು. ಆ ದಿನಾಚರಣೆಯಿಂದ ಹೊರಗೆ ಹೋದ ಸಂದೇಶ ಅದೊಂದೇ.

೩. ಚಹಾದ ಹೊತ್ತಿನಲ್ಲಿ

ಬೀಳಗಿ ಕಡೆಯ ನಿವೃತ್ತ ಅಧಿಕಾರಿಯೊಬ್ಬರು ಒಂದು ದಿನ ಬೀಗರನ್ನು ಕರೆದುಕೊಂಡು ಬಂದುಬಿಟ್ಟರು. "ನಾ ಹಚ್ಚಿದ ಗಿಡ ಇವರಿಗೆ ತೋರಸಬೇಕಾಗೇತ್ರಿ." ಅವರು ನೆಟ್ಟ ಮಾವು ಸತ್ತು ಐದು ವರ್ಷವಾಗಿತ್ತು. ಸತ್ತ ಗಿಡಗಳ ಫಲಕಗಳನ್ನೆಲ್ಲ ಮಾಳಿ ತನ್ನ ಶೆಡ್ಡಿನಲ್ಲಿ ಒರೆಸಿ ಇಟ್ಟಿದ್ದ. ನಾನು ಬೆವರುತ್ತಿದ್ದೆ. ಅವನು ಕಿವಿಯ ಹತ್ತಿರ ಬಂದು, "ಚಾ ಕುಡಸ್ರಿ ಸರ್. ಅಷ್ಟರಾಗ ಬೆಳಸ್ತೀನಿ" ಎಂದ.

ಚಹಾ ಮುಗಿಸಿ ಹೋದರೆ ಅವರ ಫಲಕ ಬೇವಿನ ಗಿಡಕ್ಕೆ ತೂಗುತ್ತಿತ್ತು. ಅಧಿಕಾರಿಗಳು ಬೊಡ್ಡೆಯ ಮೇಲೆ ಕೈಯಿಟ್ಟು ಕಣ್ಣೊರೆಸಿಕೊಂಡರು. ಬೀಗರು ಎಲೆ ಹಿಚುಕಿ ಮೂಸಿದರು. "ಮಾವಿನ ಗಿಡ ಅಂದಿದ್ರಿ. ಇದು ಬೇವಲ್ಲೇನ್ರಿ?"

ಮಾಳಿ ಕೈಕಟ್ಟಿ ನಿಂತು ಹೇಳಿದ: "ನೀರ ಕಡಿಮಿ ಬಿದ್ದು ಬೇವ ಆಗೈತ್ರಿ ಸಾಹೇಬ್ರ."

"ಖರೆ ಐತಿ, ಈ ಕಡೆ ನೀರಿಂದ ಭಾಳ ತ್ರಾಸ" ಎಂದು ಅಧಿಕಾರಿಗಳು ಒಪ್ಪಿದರು.

ಆಮೇಲೆ ಇದು ನಡೆದೇ ನಡೆಯಿತು. ಒಮ್ಮೆ ಇಬ್ಬರು ಒಟ್ಟಿಗೇ ಬಂದಾಗ ಮಾಳಿ ಆಚೆ ಒಂದು, ಈಚೆ ಒಂದು ಫಲಕ ಕಟ್ಟಿದ. ತಮ್ಮ ತಮ್ಮ ಬದಿಯಲ್ಲಿ ನಿಂತು ಇಬ್ಬರೂ ಫೋಟೋ ತೆಗೆಸಿಕೊಂಡರು. ಅವರು ಹೋದ ಮೇಲೆ ಕೇಳಿದೆ: "ಮಗಳ ಗಿಡಕ್ಕ ಕಂಡಕಂಡವರ ಹೆಸರ ಕಟ್ತೀಯಲ್ಲ, ನಿನಗ ಏನೂ ಅನಸಂಗಿಲ್ಲೇನು?" ಅವನು ದಾರ ಬಿಚ್ಚುತ್ತ, "ಸಂಜೀಕ ಬಿಚ್ಚತೀನಲ್ರಿ" ಎಂದ.

೪. ಪರಿಸರ ಭವನ

ಹೋದ ವರ್ಷ ದಿನಾಚರಣೆಗೆಂದೇ ಒಂದು ಪರಿಸರ ಭವನ ಮಂಜೂರಾಯಿತು. ನಕ್ಷೆಯ ಪ್ರಕಾರ ಅದರ ಬಾಗಿಲಿಗೆ ಸರಿಯಾಗಿ ಬೇವು ನಿಂತಿತ್ತು. ಎಂಜಿನಿಯರು ಬೊಡ್ಡೆಗೆ ಕೆಂಪು ಬಣ್ಣದ ಪಟ್ಟಿ ಬಳಿಸಿ ಹೋದರು. ಮಾಳಿ ಅದನ್ನು ನೋಡಿ ಕೊಡ ಕೆಳಗಿಟ್ಟು ಅಲ್ಲೇ ಕುಳಿತ. ವಿದ್ಯಾರ್ಥಿಗಳು ಘೋಷಣೆ ಕೂಗಿ ಮನವಿ ಕೊಟ್ಟರು. ಒಂದು ಕಡಿದರೆ ಹತ್ತು ನೆಡುತ್ತೇವೆ ಎಂಬ ಉತ್ತರ ಬಂತು. ನಾನು ಅದನ್ನು ಓದಿ ಹೇಳಿದಾಗ ಮಾಳಿ ನಕ್ಕ. ಮಗಳು ಹೋದ ಮೇಲೆ ಅವನು ನಕ್ಕದ್ದನ್ನು ನೋಡಿದ್ದು ಅದೇ ಮೊದಲು.

ಮರುದಿನ ಗರಗಸದವರನ್ನು ಕರೆದುಕೊಂಡು ಎಂಜಿನಿಯರು ಬಂದಾಗ, ಬೇವಿಗೆ ಬುಡದಿಂದ ಟೊಂಗೆಯವರೆಗೆ ಹತ್ತೊಂಬತ್ತು ಫಲಕ ಕಟ್ಟಿದ್ದವು. ಕೆಂಪು ಪಟ್ಟಿ ಎಲ್ಲಿಯೂ ಕಾಣುತ್ತಿರಲಿಲ್ಲ. ಎಂಜಿನಿಯರು ಗಿಡದ ಸುತ್ತ ತಿರುಗಿ ಓದಿದರು: ಅಧಿಕಾರದಲ್ಲಿದ್ದವರು, ಅಧಿಕಾರ ಕಳೆದುಕೊಂಡವರು, ಒಬ್ಬರು ಸ್ವಾಮಿಗಳು, ಕೊನೆಗೆ ತಮ್ಮದೇ ಮೇಲಧಿಕಾರಿ. ತಲೆಯ ಮೇಲಿನ ಹೆಲ್ಮೆಟ್ ತೆಗೆದರು.

"ಇಷ್ಟೂ ಮಂದಿ ಕೂಡಿ ಒಂದು ಗಿಡ ಹಚ್ಚ್ಯಾರೇನೋ?"

"ಹೌದ್ರಿ."

"ಇವರಿಗೆ ಅವರಿಗೆ ಮಾತಽ ಇಲ್ಲಲ್ಲೋ!"

"ಗಿಡ ಹಚ್ಚೂಮುಂದ ಇತ್ರಿ" ಎಂದ ಮಾಳಿ.

ನಕ್ಷೆ ಬದಲಾಯಿತು. ಪರಿಸರ ಭವನದ ಬಾಗಿಲು ಈಗ ಶೌಚಾಲಯದ ಕಡೆಗಿದೆ.

ಈ ವರ್ಷದ ದಿನಾಚರಣೆಗೆ ಕಾರ್ಯದರ್ಶಿ ಹುಡುಗಿ ಒಂದು ಖಾಲಿ ಫಲಕ, ಬಣ್ಣದ ಡಬ್ಬಿ ಹಿಡಿದುಕೊಂಡು ಬಂದಳು. "ಕಾಕಾ, ಅಕ್ಕನ ಹೆಸರ ಬರದು ಗಿಡಕ್ಕ ಕಟ್ಟತೀವಿ." ಹನ್ನೊಂದು ವರ್ಷ ತಪ್ಪಿಲ್ಲದ ಫಲಕ ಬರೆಸಿದ ನನಗೆ ಈ ಮಾತು ಹೊಳೆದಿರಲೇ ಇಲ್ಲ. ನಾನು ಬೇರೆ ಕಡೆ ನೋಡಿದೆ.

ಮಾಳಿ ಫಲಕವನ್ನು ಕೈಯಲ್ಲಿ ಹಿಡಿದು, ಧೂಳಿಲ್ಲದಿದ್ದರೂ ಒಮ್ಮೆ ಒರೆಸಿ, ಹುಡುಗಿಗೆ ವಾಪಸ್ ಕೊಟ್ಟ.

"ಬ್ಯಾಡವಾ. ಆಕಿ ಹೆಸರ ಕಟ್ಟಿದ್ರ, ಮಾಳಿ ಮಗಳ ಗಿಡ ಅಂತ ಗೊತ್ತಾಕೈತಿ. ಗೊತ್ತಾದ್ರ ಕಡೀತಾರ."